ಕತ್ತಲ ದಾರಿಗೆ ಸೈಕಲ್ ದೀಪ
ನಸುಕಿನಲ್ಲಿ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವ ನಾನು, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1000 ಲ್ಯೂಮೆನ್ ಎಂದು ಬರೆದಿದ್ದ ಅಗ್ಗದ ದೀಪವೊಂದನ್ನು ನಂಬಿ ಕೊಂಡಿದ್ದೆ. ಅದರ ಬೆಳಕು ಮರದ ಕೊಂಬೆಗಳಿಗೂ ಎದುರು ಬರುವವರ ಕಣ್ಣಿಗೂ ಬಡಿಯುತ್ತಿತ್ತೇ ಹೊರತು, ಮುಂಚಕ್ರ ಇಳಿಯಲಿದ್ದ ಗುಂಡಿ ಮಾತ್ರ ಕಾಣುತ್ತಿರಲಿಲ್ಲ. ಲ್ಯೂಮೆನ್ ಎಂದರೆ ದೀಪ ಹೊರಸೂಸುವ ಒಟ್ಟು ಬೆಳಕು. ಅದರಲ್ಲಿ ರಸ್ತೆಗೆ ಎಷ್ಟು ಬಿತ್ತೆಂಬುದನ್ನು ಹೇಳುವುದು ಲಕ್ಸ್. ಈಗಿರುವ 400 ಲ್ಯೂಮೆನ್ನಿನ ದೀಪದಲ್ಲಿ, ಎದುರಿನವರ ಕಣ್ಣು ಕೋರೈಸಬಾರದೆಂಬ ಜರ್ಮನಿಯ ನಿಯಮಕ್ಕೆ ಹೊಂದುವಂತೆ ಕಿರಣದ ಮೇಲಂಚು ಕತ್ತರಿಸಿದ ಹಾಗೆ ನಿಲ್ಲುವುದರಿಂದ, ಬೆಳಕೆಲ್ಲ ಡಾಂಬರಿನ ಮೇಲೆ ಹಾಸಿಕೊಂಡು, ರಸ್ತೆಯುಬ್ಬಿನ ಮಾಸಿದ ಬಿಳಿ ಪಟ್ಟಿಯೂ ಮೊದಲೇ ಕಾಣುತ್ತದೆ. ಅದರೊಳಗಿನ 18650 ಎಂಬ ಅಳತೆಯ, ಚಾರ್ಜ್ ಮಾಡಿ ಬಳಸುವ ಬ್ಯಾಟರಿ ಸೆಲ್ಲನ್ನು ನಾವೇ ಬದಲಿಸಬಹುದೆಂಬುದು ನನಗೆ ಇನ್ನೂ ಹಿಡಿಸಿತು. ಹ್ಯಾಂಡಲ್‌ಗೆ ಬಿಗಿಯುವ ರಬ್ಬರ್ ಪಟ್ಟಿ ಮಾತ್ರ ಕುಲುಕಿಗೆ ಜಾರಿ ದೀಪ ತಲೆ ತಗ್ಗಿಸುತ್ತಿತ್ತು. ಹಳೆಯ ಟ್ಯೂಬಿನ ತುಂಡೊಂದನ್ನು ಅಡಿಗೆ ಸುತ್ತಿದ್ದೇನೆ.