ಕರುಯಿಜಾವಾ: ಗಾಳಿಗೆ ಫುಲ್ ಮಾರ್ಕ್ಸ್, ಪೇಟೆ ಬೀದಿಗೆ ಜಸ್ಟ್ ಪಾಸ್

ಟೋಕಿಯೋದ ಆಗಸ್ಟ್ ಕಂಡವರಿಗೆ ಗೊತ್ತು, ಬೆಳಿಗ್ಗೆ ಎಂಟಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಅಲ್ಲಿಂದ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಹತ್ತಿ ಒಂದು ಗಂಟೆ ಹತ್ತು ನಿಮಿಷ ಕೂತರೆ ಕರುಯಿಜಾವಾ. ರೈಲಿನ ಬಾಗಿಲು ತೆರೆದ ಕೂಡಲೇ ಫ್ರಿಜ್ ಮುಂದೆ ನಿಂತ ಹಾಗಾಯಿತು. ಊರು ಹತ್ತಿರ ಹತ್ತಿರ 1000 ಮೀಟರ್ ಎತ್ತರದಲ್ಲಿದೆ, ಆಗಸ್ಟ್‌ನಲ್ಲೂ ಸರಾಸರಿ 20 ಡಿಗ್ರಿ ಆಸುಪಾಸು. ಟಿಕೆಟ್ ಒಂದು ಕಡೆಗೇ ಸುಮಾರು 6 ಸಾವಿರ ಯೆನ್, ಜಾಸ್ತಿನೇ. ಆದರೆ ಈ ಊರಲ್ಲಿ ನಾವು ದುಡ್ಡು ಕೊಡುವುದೇ ಗಾಳಿಗೆ. ಉಳಿದದ್ದೆಲ್ಲ ಕೊಸರು.

ಸ್ಟೇಷನ್ನಿನ ದಕ್ಷಿಣಕ್ಕೆ ದೊಡ್ಡ ಔಟ್‌ಲೆಟ್ ಮಾಲ್ ಇದೆ. ನಮ್ಮ ಜೊತೆ ಇಳಿದವರಲ್ಲಿ ಅರ್ಧ ಜನ ಸೀದಾ ಆ ಕಡೆ ಹೋದರು. ಬ್ಯಾಗು, ಶೂ ಬೇಕಿದ್ದರೆ ಹೋಗಿ, ನಾನು ಹೋಗಲಿಲ್ಲ, ಹಾಗಾಗಿ ಅದಕ್ಕೆ ಮಾರ್ಕ್ಸ್ ಕೊಡುವುದಿಲ್ಲ. ನಾನೂ ಗೆಳೆಯನೂ ಉತ್ತರಕ್ಕೆ, ಹಳೆ ಊರಿನ ಕಡೆ ಎರಡು ಕಿಲೋಮೀಟರ್ ನಡೆದೆವು.

ಹಳೆ ಊರು ಅಂದರೆ ನಿಜವಾಗಿಯೂ ಹಳೆಯದು. ಎದೋ, ಅಂದರೆ ಇವತ್ತಿನ ಟೋಕಿಯೋದಿಂದ ಕ್ಯೋಟೋಗೆ ಬೆಟ್ಟಗಳ ನಡುವೆ ನಾಕಾಸೆಂಡೋ ಅಂತ ಒಂದು ಹೆದ್ದಾರಿ ಇತ್ತು. ಅದರಲ್ಲಿ 69 ತಂಗುವ ಊರುಗಳು, ಇದು 18ನೆಯದು. ಉಸುಯಿ ಘಾಟಿ ದಾಟಿ ಸುಸ್ತಾಗಿ ಬಂದವರು ಇಲ್ಲಿ ಮಲಗಿ ಎದ್ದು ಮುಂದೆ ಹೋಗುತ್ತಿದ್ದರು. ಮೇಜಿ ಕಾಲದಲ್ಲಿ (1868ರಿಂದ 1912) ಹೊಸ ರಸ್ತೆ ಬೇರೆ ಕಡೆ ಆಯಿತು, ತಂಗುವವರೇ ಇಲ್ಲದೆ ಊರು ಬಡವಾಯಿತು. ಆಗ, 1886ರಲ್ಲಿ, ಅಲೆಕ್ಸಾಂಡರ್ ಕ್ರಾಫ್ಟ್ ಷಾ ಅನ್ನುವ ಕೆನಡಾ ಮೂಲದ ಪಾದ್ರಿ ಬಂದರು. ಟೋಕಿಯೋ ಸೆಖೆಯಲ್ಲಿ ಬೆಂದಿದ್ದ ಅವರಿಗೆ ಇಲ್ಲಿನ ತಂಪು ಹಿಡಿಸಿಬಿಟ್ಟಿತು. 1888ರಲ್ಲಿ ಬೇಸಿಗೆ ಮನೆಯನ್ನೇ ಮಾಡಿಕೊಂಡರು. ಅವರ ಹಿಂದೆ ಬೇರೆ ಪಾದ್ರಿಗಳು, ರಾಯಭಾರಿಗಳು, ಆಮೇಲೆ ಜಪಾನಿನ ಸಿರಿವಂತರು. ಸತ್ತೇ ಹೋಗುತ್ತಿದ್ದ ಊರು ಸೆಖೆಯ ಪುಣ್ಯದಿಂದ ಬದುಕಿಕೊಂಡಿತು, ವಿಚಿತ್ರ ಅಲ್ವಾ?

ಈಗ ಆ ಹಳೆ ಬೀದಿಗೆ ಗಿಂಜಾ ಅಂತ ಹೆಸರು. ಜ್ಯಾಮ್ ಅಂಗಡಿ, ಬೇಕರಿ, ಸಾಸೇಜ್ ಅಂಗಡಿ, ಮತ್ತೆ ಜ್ಯಾಮ್ ಅಂಗಡಿ. ರಜೆಯಲ್ಲಿ ಹೋದರೆ ಭುಜಕ್ಕೆ ಭುಜ ತಾಗುವಷ್ಟು ಜನ. ಕಾಫಿ ರುಚಿಯ ಮೋಕಾ ಸಾಫ್ಟ್ ಐಸ್‌ಕ್ರೀಮ್ ಚೆನ್ನಾಗಿದೆ, ಕ್ಯೂ ನಿಲ್ಲುವಷ್ಟು ಅಲ್ಲ. ಆದರೆ ಬೀದಿ ಮುಗಿಯುವ ತನಕ ನಡೆಯಿರಿ, ಸುಮ್ನೆ ಅರ್ಧಕ್ಕೇ ವಾಪಸ್ ಬರಬೇಡಿ. ಅಂಗಡಿಗಳು ಮುಗಿದ ಮೇಲೆ ಮರಗಳ ಕೆಳಗೆ ಷಾ ಅವರ ನೆನಪಿನ ಪುಟ್ಟ ಮರದ ಚರ್ಚ್ ಇದೆ, ಅಲ್ಲಿ ನಾವು ಹೋದಾಗ ಮೂರೇ ಜನ. ಬೀದಿ ಪಕ್ಕದಲ್ಲೇ ಟೆನಿಸ್ ಅಂಗಳವೂ ಇದೆ. 1957ರಲ್ಲಿ ಜಪಾನಿನ ಆಗಿನ ಯುವರಾಜ ಅಕಿಹಿತೋ ಮತ್ತು ಶೋದಾ ಮಿಚಿಕೋ ಭೇಟಿಯಾದದ್ದು ಇಲ್ಲಿನ ಟೆನಿಸ್ ಪಂದ್ಯದಲ್ಲಿ. ಎರಡು ವರ್ಷಕ್ಕೆ ಮದುವೆ.

ಮಾಂಪೆಯ್ ಹೋಟೆಲ್‌ನಲ್ಲಿ ರೂಮ್ ತಗೊಳ್ಳುವ ಶಕ್ತಿ ನಮಗಿರಲಿಲ್ಲ, ಟೀ ಕುಡಿದು ಬಂದೆವು. ಮೊದಲು ನಾಕಾಸೆಂಡೋದ ಛತ್ರವಾಗಿದ್ದದ್ದು 1894ರಲ್ಲಿ ಪಾಶ್ಚಾತ್ಯ ಶೈಲಿಯ ಹೋಟೆಲ್ ಆಯಿತು. ಬೀಟಲ್ಸ್ ತಂಡದ ಹಾಡುಗಾರ ಜಾನ್ ಲೆನನ್ 1970ರ ದಶಕದ ಕೊನೆಯ ಬೇಸಿಗೆಗಳಲ್ಲಿ ಸಂಸಾರ ಸಮೇತ ಬಂದು ಇಲ್ಲಿ ಇರುತ್ತಿದ್ದರು. ಇಲ್ಲಿನ ಹಾಲಿನ ಟೀ ಮಾಡುವ ವಿಧಾನ ಅವರೇ ಹೇಳಿಕೊಟ್ಟದ್ದಂತೆ. ಇರಬಹುದು. ನನಗೆ ಹಾಲು ಇನ್ನೂ ಸ್ವಲ್ಪ ಬೇಕಿತ್ತು.

ಇನ್ನು ದೂರು. ನಾವು ಉಳಿದದ್ದು ಒಂದು ಸಣ್ಣ ಲಾಡ್ಜ್‌ನಲ್ಲಿ, ಹೆಸರು ಬೇಡ. ಹಾಸಿಗೆ, ಬೀರು, ಟವಲ್ ಎಲ್ಲಕ್ಕೂ ಮುಗ್ಗಲು ವಾಸನೆ. ಸಂಜೆ ಒಗೆದು ಹಾಕಿದ ಕಾಲುಚೀಲ ಬೆಳಿಗ್ಗೆಗೆ ಇನ್ನೂ ಒದ್ದೆ. ಪೂರ್ತಿ ಅವರದೇ ತಪ್ಪು ಅನ್ನಲಾರೆ. ಟೋಕಿಯೋ ಸುತ್ತಲಿನ ಕಾಂತೋ ಬಯಲಿನ ತೇವದ ಗಾಳಿ ಘಾಟಿ ಏರುವಾಗ ತಣಿದು ಮಂಜಾಗುತ್ತದೆ, ಅದೆಲ್ಲ ಸೀದಾ ಊರೊಳಗೆ ಬಂದು ಕೂರುತ್ತದೆ. ಮಧ್ಯಾಹ್ನ ಮೂರಕ್ಕೆ ಎದುರಿನ ಮರ ಕಾಣುತ್ತಿತ್ತು, ಮೂರೂಕಾಲಿಗೆ ಇಲ್ಲ. ಫೋಟೋಗೆ ಸೊಗಸು, ಬಟ್ಟೆಗೆ ಕಷ್ಟ. ರೂಮ್ ಬುಕ್ ಮಾಡುವಾಗ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಇದೆಯಾ ಅಂತ ಕೇಳಿ, ನಾವು ಕೇಳಲಿಲ್ಲ.

ಶಿರಾಇತೋ ಜಲಪಾತಕ್ಕೆ ಬಸ್ ಇದೆ. ಎತ್ತರ ಮೂರೇ ಮೀಟರ್, ಆದರೆ ಅಗಲ 70 ಮೀಟರ್. ಮೇಲಿಂದ ಹೊಳೆ ಬಂದು ಬೀಳುವುದಲ್ಲ. ಅಸಾಮಾ ಜ್ವಾಲಾಮುಖಿಯ ಮೇಲೆ ಬಿದ್ದ ಮಳೆ ನೆಲದಲ್ಲಿ ಇಂಗಿ, ಬಂಡೆಯ ಪದರದಿಂದ ಎಳೆ ಎಳೆಯಾಗಿ ಜಿನುಗುತ್ತದೆ. ಹಾಗಾಗಿ ನೀರು ಕನ್ನಡಿಯ ಹಾಗೆ ತಿಳಿ. ಹದಿನೈದು ನಿಮಿಷ ಸಾಕು.

ನನಗೆ ನಿಜವಾಗಿ ಹಿಡಿಸಿದ್ದು ಘಾಟಿ. ಚರ್ಚ್ ದಾಟಿ ಕಾಡುದಾರಿಯಲ್ಲಿ ಒಂದೂವರೆ ಗಂಟೆ ಹತ್ತಿದೆವು, ದಾರಿಯುದ್ದಕ್ಕೂ ಕರಡಿ ಇದೆ ಎಚ್ಚರ ಅಂತ ಬೋರ್ಡು. ಮೇಲೆ ಕುಮಾನೋ ದೇವಸ್ಥಾನ. ನಾಗಾನೋ ಮತ್ತು ಗುನ್ಮಾ ಪ್ರಾಂತ್ಯಗಳ ಗಡಿ ಗುಡಿಯ ಮಧ್ಯದಲ್ಲೇ ಹಾದುಹೋಗುತ್ತದೆ, ಹಾಗಾಗಿ ಆಡಳಿತವೂ ಎರಡು, ಕಾಣಿಕೆ ಡಬ್ಬಿಯೂ ಎರಡು. ನಾನು ಎರಡಕ್ಕೂ ಐದೈದು ಯೆನ್ ಹಾಕಿದೆ, ಯಾರಿಗೂ ಬೇಜಾರಾಗಬಾರದಲ್ಲ. ಎದುರಿನ ಚಹಾ ಅಂಗಡಿಯಲ್ಲಿ ಅಕ್ರೋಟ್ ಸವರಿದ ಮೋಚಿ, ಅಂದರೆ ಅಂಟು ಅಕ್ಕಿಯ ಉಂಡೆ, ಸಿಗುತ್ತದೆ. ಮಾಂಸ ಮೀನು ಮುಟ್ಟದ ನನ್ನ ಗೆಳೆಯ ಎರಡು ದಿನದಲ್ಲಿ ನೆಮ್ಮದಿಯಾಗಿ ತಿಂದದ್ದು ಅದೊಂದೇ. ಸೋಬಾ ನೂಡಲ್ಸ್‌ನ ಸಾರಲ್ಲೂ ಮೀನು ಇರುತ್ತದೆ, ನೆನಪಿರಲಿ.

ಮರುದಿನ ಬಸ್ಸಲ್ಲಿ ಘಾಟಿ ಇಳಿದು ಯೊಕೊಕಾವಾಗೆ ಹೋದೆವು. 1893ರಲ್ಲಿ ಇಲ್ಲಿಂದ ಕರುಯಿಜಾವಾಗೆ ರೈಲು ಬಂತು. ಸಾವಿರ ಮೀಟರ್ ಹೋದರೆ 66.7 ಮೀಟರ್ ಏರು, ಹಾಗಾಗಿ ಹಳಿಗಳ ಮಧ್ಯೆ ಹಲ್ಲಿನ ಪಟ್ಟಿ ಹಾಕಿ, ಎಂಜಿನ್ನಿನ ಹಲ್ಲುಚಕ್ರ ಅದಕ್ಕೆ ಕಚ್ಚಿಕೊಂಡು ಹತ್ತುತ್ತಿತ್ತು. 1997ರಲ್ಲಿ ಶಿಂಕಾನ್ಸೆನ್ ಬಂದ ಮೇಲೆ ಘಾಟಿಯ ರೈಲು ನಿಂತಿತು. ಹಲ್ಲುಪಟ್ಟಿ ಕಾಲದ ದಾರಿಯಲ್ಲಿ ಈಗ ನಾವು ನಡೆಯಬಹುದು. ಐದು ಸುರಂಗ ದಾಟಿದ ಮೇಲೆ ಕಣ್ಣು ಕುಕ್ಕುವ ಬೆಳಕು, ಕಾಲ ಕೆಳಗೆ ಮೆಗಾನೆಬಾಶಿ. ನಾಲ್ಕು ಕಮಾನಿನ ಇಟ್ಟಿಗೆ ಸೇತುವೆ, ಉದ್ದ 91 ಮೀಟರ್, ಎತ್ತರ 31 ಮೀಟರ್, ಸುಮಾರು 20 ಲಕ್ಷ ಇಟ್ಟಿಗೆ. ಸುರಂಗದ ಗೋಡೆ ಮುಟ್ಟಿದರೆ ಕೈ ಒದ್ದೆ. ಟಿಕೆಟ್ ಇಲ್ಲ, ಕ್ಯೂ ಇಲ್ಲ.

ವಾಪಸ್ ಇಳಿದು ಕಾಮಾಮೆಶಿ, ಅಂದರೆ ಮಡಕೆ ಅನ್ನ, ತಗೊಂಡೆ. ರೈಲಿನ ಕಾಲದಲ್ಲಿ ಘಾಟಿ ಹತ್ತಿಸುವ ಎಂಜಿನ್ ಜೋಡಿಸಲು ಯೊಕೊಕಾವಾದಲ್ಲಿ ನಿಲ್ಲಲೇಬೇಕಿತ್ತು, ಆ ಬಿಡುವಿನಲ್ಲಿ ಊಟ ಮಾರುತ್ತಿದ್ದರು. 1958ರಿಂದ ಮಾಶಿಕೋ ಅನ್ನುವ ಊರಿನ ಮಣ್ಣಿನ ಮಡಕೆಯಲ್ಲೇ ಕೊಡುತ್ತಾರೆ. ಮುಚ್ಚಳ ತೆಗೆದರೆ ಬಿಸಿ ಅನ್ನದ ಮೇಲೆ ಕೋಳಿ, ಅಣಬೆ, ಬಿದಿರಿನ ಕಳಲೆ, ಪುಟ್ಟ ಕ್ವೇಲ್ ಮೊಟ್ಟೆ, ಒಂದು ಚೆಸ್ಟ್‌ನಟ್, ಒಂದು ಆಪ್ರಿಕಾಟ್. ಆಪ್ರಿಕಾಟ್ ಅಲ್ಲಿ ಯಾಕಿದೆ ಅಂತ ಈಗಲೂ ಗೊತ್ತಾಗಿಲ್ಲ, ಆದರೆ ಕೊನೆಗೆ ತಿಂದರೆ ಹಿತವಾಗಿರುತ್ತದೆ. ಗೆಳೆಯ ಪಕ್ಕದಲ್ಲಿ ಬಾಳೆಹಣ್ಣು ತಿನ್ನುತ್ತಾ ಕೂತಿದ್ದ. ಖಾಲಿ ಮಡಕೆಯನ್ನು ಮಾತ್ರ ತೊಳೆದು, ಅನ್ನ ಮಾಡಬಹುದಂತೆ ಅಂತ ಹೇಳಿ, ಅವನೇ ಬ್ಯಾಗಿಗೆ ಹಾಕಿಕೊಂಡ.