ಸೆಕ್ಯುರಿಟಿ ಕೀ: ಒಂದನ್ನೇ ಕೊಂಡರೆ ಕೊಂಡ ಹಾಗಲ್ಲ

ಆನ್‌ಲೈನ್ ಖಾತೆಗೆ ಲಾಗಿನ್ ಆಗುತ್ತಿರುವುದು ನಾವೇ ಎಂದು ಸಾಬೀತುಪಡಿಸುವ ಪುಟ್ಟ ಸಾಧನ ಈ ಸೆಕ್ಯುರಿಟಿ ಕೀ. ಯುಎಸ್‌ಬಿ-ಸಿ ಮೂತಿ, ಒಳಗೆ ಎನ್‌ಎಫ್‌ಸಿ (ಫೋನಿಗೆ ತಾಗಿಸಿದರೆ ತಂತಿಯಿಲ್ಲದೆ ಕೆಲಸ ಮಾಡುವ ವ್ಯವಸ್ಥೆ), ನಡುವೆ ಮುಟ್ಟಲು ಒಂದು ಚಿನ್ನದ ಬಣ್ಣದ ಬಿಲ್ಲೆ. ನೋಡಲು ಇಷ್ಟೇ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಫಿಡೋ2 (ಇಂಥ ಕೀಗಳೆಲ್ಲ ಪಾಲಿಸುವ ಮಾನದಂಡ) ಪ್ರಮಾಣಪತ್ರ ಇರುವ ಯಾವ ಕೀ ತಂದರೂ ಕೆಳಗಿನ ಮಾತುಗಳಲ್ಲಿ ಬಹುಪಾಲು ಹಾಗೆಯೇ ಅನ್ವಯಿಸುತ್ತವೆ. ದೀರ್ಘಕಾಲ ದಿನಬಳಕೆಯಲ್ಲಿಟ್ಟ ಮೇಲೂ ಇದರ ಮುಖ್ಯ ಕೆಲಸದಲ್ಲಿ ಕುಂದು ಹೇಳಲು ನನಗೆ ಏನೂ ಸಿಕ್ಕಿಲ್ಲ. ಸಿಟ್ಟು ಬರುವುದೆಲ್ಲ ಎರಡನೆಯ ಕೀಯ ವಿಷಯದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಖುಷಿಯ ಸಂಗತಿ. ಆರು ಅಂಕಿಯ ಒಟಿಪಿಯನ್ನು ಓದುವವರೂ ನಾವೇ, ಟೈಪ್ ಮಾಡುವವರೂ ನಾವೇ. ಹಾಗಾಗಿ ನಮ್ಮನ್ನು ಮೋಸಗೊಳಿಸಿದರೆ ಒಟಿಪಿಯೂ ಹೋಯಿತು. ಅಸಲಿಯಂತೆಯೇ ಕಾಣುವ ನಕಲಿ ಪುಟ ನಮ್ಮಿಂದ ಪಾಸ್‌ವರ್ಡ್ ಮತ್ತು ಕೋಡ್ ಎರಡನ್ನೂ ಪಡೆದು, ಅದೇ ಕ್ಷಣ ಅಸಲಿ ಸೈಟಿಗೆ ದಾಟಿಸುತ್ತದೆ. ಆಥೆಂಟಿಕೇಟರ್ ಆ್ಯಪ್‌ನ ಕೋಡ್ 30 ಸೆಕೆಂಡಿಗೆ ಬದಲಾಗುತ್ತದೆ ನಿಜ, ಆದರೆ ದಾಟಿಸುವ ಕೆಲಸ ಮಾಡುವುದು ಯಂತ್ರ, ಅದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಸೆಕ್ಯುರಿಟಿ ಕೀಯ ಲೆಕ್ಕಾಚಾರವೇ ಬೇರೆ. ಖಾತೆಗೆ ಕೀಯನ್ನು ನೋಂದಾಯಿಸುವಾಗ ಅದು ಆ ಡೊಮೇನ್‌ಗೆಂದೇ, ಅಂದರೆ ಆ ಸೈಟಿನ ವಿಳಾಸಕ್ಕೆಂದೇ, ಒಂದು ಜೋಡಿ ರಹಸ್ಯವನ್ನು ಹುಟ್ಟಿಸುತ್ತದೆ. ಸಾರ್ವಜನಿಕ ಭಾಗ ಸೈಟಿಗೆ ಹೋಗುತ್ತದೆ, ಖಾಸಗಿ ಭಾಗ ಯಾವತ್ತೂ ಬಯಲಿಗೆ ಬರುವುದಿಲ್ಲ. ಲಾಗಿನ್ ಆಗುವಾಗ ಯಾವ ವಿಳಾಸದಲ್ಲಿದ್ದೇವೆ ಎಂಬುದನ್ನು ಕೀಗೆ ತಿಳಿಸುವುದು ಬ್ರೌಸರ್. ವಿಳಾಸದಲ್ಲಿ ಒಂದಕ್ಷರ ಆಚೀಚೆಯಾದರೂ ಕೀ ಬಳಿ ಅದಕ್ಕೆ ಹೊಂದುವ ರಹಸ್ಯವೇ ಇರುವುದಿಲ್ಲ, ಲಾಗಿನ್‌ಗೆ ಬೇಕಾದ ಡಿಜಿಟಲ್ ಸಹಿ ಬೀಳುವುದಿಲ್ಲ. ನಿದ್ದೆಗಣ್ಣಲ್ಲಿದ್ದರೂ, ಅವಸರದಲ್ಲಿದ್ದರೂ, ಪುಟ ಎಷ್ಟೇ ಚೆನ್ನಾಗಿ ನಕಲಾಗಿದ್ದರೂ ಕೀ ಬಗ್ಗುವುದಿಲ್ಲ. ನಮ್ಮ ಎಚ್ಚರಿಕೆಯ ಮೇಲೆ ಭಾರ ಹಾಕದ ರಕ್ಷಣೆ ಆನ್‌ಲೈನ್ ಜಗತ್ತಿನಲ್ಲಿ ಬಹಳ ಕಡಿಮೆ. ಇಷ್ಟವಾದದ್ದು ಇದೇ ಕಾರಣಕ್ಕೆ.

ಇದು ಬರೀ ಸಿದ್ಧಾಂತವಲ್ಲ. 2022ರ ಜುಲೈ 20ರಂದು ಕ್ಲೌಡ್‌ಫ್ಲೇರ್ ಕಂಪನಿಯ ಕನಿಷ್ಠ 76 ಉದ್ಯೋಗಿಗಳಿಗೆ ನಕಲಿ ಲಾಗಿನ್ ಪುಟದ ಎಸ್‌ಎಂಎಸ್ ಬಂತು. ಮೂವರು ಪಾಸ್‌ವರ್ಡನ್ನು ಕೊಟ್ಟೇಬಿಟ್ಟರು. ಆ ಪುಟ ಆಮೇಲೆ ಒಟಿಪಿ ಕೇಳುವಂತೆ ತಯಾರಾಗಿತ್ತು, ಆದರೆ ಆ ಕಂಪನಿಯಲ್ಲಿ ಲಾಗಿನ್‌ಗೆ ಬೇಕಿದ್ದದ್ದು ಸೆಕ್ಯುರಿಟಿ ಕೀ. ದಾಳಿ ಅಲ್ಲಿಗೇ ನಿಂತಿತು. ತಂತ್ರಜ್ಞಾನವನ್ನೇ ಉಸಿರಾಡುವ ಕಂಪನಿಯ ಜನರೇ ಪಾಸ್‌ವರ್ಡ್ ಕೊಟ್ಟಿದ್ದಾರೆ ಎಂದಮೇಲೆ 'ನಾನು ಇಂಥದ್ದಕ್ಕೆ ಬೀಳುವುದಿಲ್ಲ' ಎಂಬ ಧೈರ್ಯಕ್ಕೆ ಅರ್ಥವಿಲ್ಲ.

ದಿನಬಳಕೆ ನಿಜಕ್ಕೂ ಹಿತವಾಗಿದೆ. ಪಾಸ್‌ವರ್ಡ್ ಹಾಕಿ, ಕೀ ಸಿಕ್ಕಿಸಿ, ದೀಪ ಮಿನುಗಿದಾಗ ಬಿಲ್ಲೆಯನ್ನು ಮುಟ್ಟಿದರೆ ಮುಗಿಯಿತು. ಸಾಮಾನ್ಯ ಮಾದರಿಗಳಲ್ಲಿ ಆ ಬಿಲ್ಲೆ ಬೆರಳಚ್ಚನ್ನು ಓದುವುದಿಲ್ಲ, ಯಾರ ಬೆರಳಾದರೂ ನಡೆಯುತ್ತದೆ. ಕಂಪ್ಯೂಟರ್ ಮುಂದೆ ಮನುಷ್ಯ ಕೂತಿದ್ದಾನೆ, ಒಳಹೊಕ್ಕ ಕುತಂತ್ರಾಂಶ ತಾನೇ ಸಹಿ ಹಾಕಿಸಿಕೊಳ್ಳುತ್ತಿಲ್ಲ ಎಂದು ಖಾತ್ರಿಪಡಿಸುವುದಷ್ಟೇ ಆ ಸ್ಪರ್ಶದ ಕೆಲಸ. ಬ್ಯಾಟರಿ ಇಲ್ಲ, ಚಾರ್ಜ್ ಇಲ್ಲ, ಸಿಗ್ನಲ್ ಬೇಕಿಲ್ಲ. ಎಸ್‌ಎಂಎಸ್‌ಗೆ ಕಾಯುತ್ತ ಪರದೆ ದಿಟ್ಟಿಸುವ ಗೋಳು ತಪ್ಪಿತಲ್ಲ, ಅದೇ ದೊಡ್ಡ ನೆಮ್ಮದಿ.

ಫೋನಿನಲ್ಲಿ ಕೊಂಚ ಕೈ ಪಳಗಬೇಕು. ಐಫೋನ್‌ನಲ್ಲಿ ಎನ್‌ಎಫ್‌ಸಿ ಇರುವುದು ಮೇಲ್ತುದಿಯಲ್ಲಿ. ಆಂಡ್ರಾಯ್ಡ್‌ನಲ್ಲಿ ಮಾದರಿಗೊಂದು ಜಾಗ, ಹೆಚ್ಚಾಗಿ ಬೆನ್ನಿನ ಮಧ್ಯ ಅಥವಾ ಕ್ಯಾಮೆರಾದ ಹತ್ತಿರ. ಕೀಯನ್ನು ತಟ್ಟಿ ತೆಗೆಯಬಾರದು, ಅಂಟಿಸಿದಂತೆ ಹಿಡಿದಿರಬೇಕು. ಫೋನ್ ಅದುರುವ ಮೊದಲೇ ಎತ್ತಿದರೆ ಮತ್ತೆ ಮೊದಲಿನಿಂದ ಶುರು. ಕೀಗೆ ನಾವಿಟ್ಟ ಪಿನ್ ಕೇಳುವ ಸೈಟಾದರೆ ಒಮ್ಮೆ ಹಿಡಿದು, ಪಿನ್ ಹಾಕಿ, ಮತ್ತೊಮ್ಮೆ ಹಿಡಿಯಬೇಕಾಗಬಹುದು. ಲೋಹದ ಕವಚ ಅಥವಾ ಬೆನ್ನಿಗೆ ಅಯಸ್ಕಾಂತದ ಪಟ್ಟಿ ಇದ್ದರೆ ಅದನ್ನು ಮೊದಲು ತೆಗೆಯಿರಿ. ಎನ್‌ಎಫ್‌ಸಿ ಹಟ ಹಿಡಿದಾಗ ಫೋನಿನ ಚಾರ್ಜಿಂಗ್ ರಂಧ್ರಕ್ಕೇ ನೇರವಾಗಿ ಸಿಕ್ಕಿಸುವುದು ಒಳ್ಳೆಯ ಉಪಾಯ.

ಇನ್ನು ಆ ಎರಡನೆಯ ಕೀಯ ಕಥೆ.

ಮನೆಯ ಬೀಗದ ಕೈಯಾದರೆ ಅಂಗಡಿಗೆ ಕೊಟ್ಟು ನಕಲು ಮಾಡಿಸಬಹುದು, ಇದನ್ನು ಹಾಗೆ ನಕಲು ಮಾಡಿಸಲಾಗದು. ಖಾಸಗಿ ರಹಸ್ಯ ಹೊರಗೆ ಬರುವುದಿಲ್ಲ ಎಂಬ ಅದೇ ಗುಣ ಇಲ್ಲಿ ತಲೆನೋವಾಗುತ್ತದೆ. ಒಂದು ಕೀ ಕಳೆದರೆ ಬಾಗಿಲು ಮುಚ್ಚಿತು ಎಂದೇ ಲೆಕ್ಕ, ಹಾಗಾಗಿ ಎರಡು ಬೇಕೇ ಬೇಕು. ಎರಡನ್ನೂ ಪ್ರತಿಯೊಂದು ಖಾತೆಗೂ ಬೇರೆ ಬೇರೆಯಾಗಿ, ಕೈಯಲ್ಲಿ ಹಿಡಿದುಕೊಂಡೇ ನೋಂದಾಯಿಸಬೇಕು. ಜೋಡಿಯನ್ನು, ಅಂದರೆ ಎರಡನೆಯ ಕೀಯನ್ನು, ದೂರದ ಸುರಕ್ಷಿತ ಜಾಗದಲ್ಲಿಡಿ ಎಂದು ಎಲ್ಲರೂ ಹೇಳುತ್ತಾರೆ. ದೂರ ಇಟ್ಟರೆ ಹೊಸ ಖಾತೆ ತೆರೆದಾಗಲೆಲ್ಲ ಅದನ್ನು ತರಬೇಕು. ತರುವುದು ಬೇಸರವಾಗಿ ನಾಳೆ ಎಂದುಕೊಂಡರೆ ಆ ಖಾತೆ ಒಂದೇ ಕೀಯ ಮೇಲೆ ನಿಂತುಬಿಡುತ್ತದೆ. ಹತ್ತಿರ ಇಟ್ಟುಕೊಂಡರೆ ಬ್ಯಾಗ್ ಕಳುವಾದ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಇದಕ್ಕೆ ಸರಳ ಪರಿಹಾರವೇ ಇಲ್ಲ, ಡಬ್ಬಿಯ ಮೇಲೆ ಈ ಮಾತನ್ನು ಯಾರೂ ಬರೆಯುವುದೂ ಇಲ್ಲ. ಆಪಲ್ ಖಾತೆಗೆ ಐಒಎಸ್ 16.3ರಿಂದ, ಅಂದರೆ 2023ರ ಜನವರಿಯಿಂದ, ಸೆಕ್ಯುರಿಟಿ ಕೀ ಹಾಕಬಹುದು. ಕನಿಷ್ಠ ಎರಡು ಇಲ್ಲದಿದ್ದರೆ ಅಲ್ಲಿ ಮುಂದುವರಿಯಲು ಬಿಡುವುದಿಲ್ಲ. ಎಲ್ಲ ಸೈಟುಗಳೂ ಇದೇ ನಿಯಮ ಮಾಡಬೇಕಿತ್ತು. ಒಂದೇ ಒಂದು ಕೀಗೆ ಜಾಗ ಕೊಟ್ಟು ಕೈತೊಳೆದುಕೊಳ್ಳುವ ಸೈಟುಗಳೂ ಇವೆ, ಅವುಗಳ ಮೇಲೆ ನನಗಿರುವ ಅಸಮಾಧಾನ ಇಷ್ಟು ದಿನವಾದರೂ ತಗ್ಗಿಲ್ಲ.

ಇದರ ಜೊತೆಗೆ ಇನ್ನೊಂದು ತೊಡಕು. ಪಾಸ್‌ವರ್ಡ್ ಆದ ಮೇಲಿನ ಎರಡನೆಯ ಹಂತವಾಗಿ ಮಾತ್ರ ಬಳಸಿದಾಗ ಕೀ ತನ್ನೊಳಗೆ ಏನನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ಬೇಕಾದ ಮಾಹಿತಿ ಗೂಢಲಿಪಿಯಲ್ಲಿ ಸೈಟಿನ ಬಳಿಯೇ ಇರುತ್ತದೆ. ಅದಕ್ಕಾಗಿ ಎಷ್ಟು ಖಾತೆಗಾದರೂ ಜಾಗ ಸಾಕಾಗುತ್ತದೆ, ಆದರೆ ಎಲ್ಲೆಲ್ಲಿ ನೋಂದಣಿಯಾಗಿದೆ ಎಂದು ಕೀಯನ್ನೇ ಕೇಳಿದರೆ ಉತ್ತರ ಸಿಗದು. ಕೀ ಕಳೆದ ದಿನ ಯಾವ ಯಾವ ಖಾತೆಯಿಂದ ಅದನ್ನು ತೆಗೆಯಬೇಕು ಎಂದು ಗೊತ್ತಾಗಬೇಕಾದರೆ ಪಟ್ಟಿ ನಮ್ಮ ಬಳಿಯೇ ಇರಬೇಕು. ಕಾಗದದ ಮೇಲೆ ನಾಲ್ಕು ಕಾಲಂ ಸಾಕು: ಖಾತೆ, ಮೊದಲ ಕೀ, ಎರಡನೆಯ ಕೀ, ಬ್ಯಾಕಪ್ ಕೋಡ್ (ಕೀ ಇಲ್ಲದಾಗ ಒಳಹೋಗಲು ಸೈಟ್ ಕೊಡುವ ಸಂಕೇತ) ಎಲ್ಲಿದೆ. ಸೈಟಿನಲ್ಲಿ ಕೀಗೆ ಹೆಸರಿಡಲು ಕೇಳಿದಾಗ 'ಕೀ 1' ಎಂದು ಬರೆಯಬೇಡಿ. 'ಗೊಂಚಲಿನದು', 'ಬೀರುವಿನದು' ಎಂದು ಇಟ್ಟರೆ ಕಳೆದದ್ದು ಯಾವುದು ಎಂದು ಆಮೇಲೆ ತಡಕಾಡಬೇಕಿಲ್ಲ. ಹೊಸ ನೋಂದಣಿಗಳನ್ನು ಪಟ್ಟಿಯಲ್ಲಿ ಗುರುತು ಹಾಕಿಟ್ಟು, ತಿಂಗಳಿಗೊಮ್ಮೆ ಬೀರುವಿನ ಕೀ ತಂದು ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸುವುದು ನನಗೆ ಒಗ್ಗಿದ ಪದ್ಧತಿ. ಇಮೇಲ್ ಮತ್ತು ಪಾಸ್‌ವರ್ಡ್ ಮ್ಯಾನೇಜರ್ ಮಾತ್ರ ಇದಕ್ಕೆ ಹೊರತು. ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಇಮೇಲ್‌ಗೆ, ಹಾಗಾಗಿ ಅಲ್ಲಿ ಎರಡೂ ಕೀಗಳನ್ನು ಮೊದಲ ದಿನವೇ ಸೇರಿಸಬೇಕು.

ಪಾಸ್‌ಕೀಯಾಗಿ, ಅಂದರೆ ಪಾಸ್‌ವರ್ಡ್‌ನ ಬದಲಿಗೇ ಬಳಸುವ ರಹಸ್ಯವಾಗಿ, ಉಳಿಸಿದರೆ ಮಾತು ಬೇರೆ. ಆಗ ಮಾಹಿತಿ ಕೀಯೊಳಗೇ ಕೂರುತ್ತದೆ, ಜಾಗಕ್ಕೆ ಮಿತಿಯಿದೆ. ಹಳೆಯ ಮಾದರಿಗಳಲ್ಲಿ 25ರಷ್ಟು, ಹೊಸವುಗಳಲ್ಲಿ 100 ಅಥವಾ ಅದಕ್ಕೂ ಹೆಚ್ಚು. ತೀರಾ ಹಳೆಯ ಕೀಗಳಲ್ಲಿ ಒಂದೊಂದನ್ನೇ ಅಳಿಸುವ ಸೌಲಭ್ಯವೂ ಇಲ್ಲ, ಪೂರ್ತಿ ರೀಸೆಟ್ ಒಂದೇ ದಾರಿ. 'ಪಾಸ್‌ಕೀ ರಚಿಸಿ' ಎಂದು ಒತ್ತಿದಾಗ ಬ್ರೌಸರ್ ಅಥವಾ ವಿಂಡೋಸ್ ಮೊದಲು ತನ್ನಲ್ಲೇ ಉಳಿಸಿಕೊಳ್ಳಲು ನೋಡುತ್ತದೆ. ಅವಸರದಲ್ಲಿ ಸರಿ ಎಂದರೆ ಪಾಸ್‌ಕೀ ಕಂಪ್ಯೂಟರಿನಲ್ಲಿರುತ್ತದೆ, ಕೀಯಲ್ಲಲ್ಲ. ಬೇರೆ ಸಾಧನ ಅಥವಾ ಸೆಕ್ಯುರಿಟಿ ಕೀ ಎಂಬ ಆಯ್ಕೆಯನ್ನು ಹುಡುಕಿ ಒತ್ತಬೇಕು.

ಪಿನ್ ಬಗ್ಗೆ ಒಂದು ಎಚ್ಚರಿಕೆ. ಕನಿಷ್ಠ 4 ಅಕ್ಷರ, ಅಂಕಿಯೇ ಆಗಬೇಕೆಂದಿಲ್ಲ. ಅದು ಸೈಟಿಗೆ ಹೋಗುವುದಿಲ್ಲ, ಕೀಯೊಳಗೇ ಪರೀಕ್ಷೆಯಾಗುತ್ತದೆ. ಸತತ ಮೂರು ಸಲ ತಪ್ಪಿದರೆ ಕೀಯನ್ನು ತೆಗೆದು ಮತ್ತೆ ಸಿಕ್ಕಿಸಬೇಕು. ಒಟ್ಟು ಎಂಟು ಸಲ ತಪ್ಪಿದರೆ ಬೀಗ ಬೀಳುತ್ತದೆ, ನಡುವೆ ಒಮ್ಮೆ ಸರಿ ಹಾಕಿದರೆ ಎಣಿಕೆ ಮೊದಲಿಗೆ ಮರಳುತ್ತದೆ. ಬೀಗ ಬಿದ್ದ ಮೇಲೆ ಉಳಿಯುವುದು ರೀಸೆಟ್ ಮಾತ್ರ. ರೀಸೆಟ್ ಪಾಸ್‌ಕೀಗಳ ಜೊತೆಗೆ ಮೂಲ ರಹಸ್ಯವನ್ನೂ ಬದಲಿಸುವುದರಿಂದ ಎರಡನೆಯ ಹಂತವಾಗಿ ಮಾಡಿದ್ದ ಹಳೆಯ ನೋಂದಣಿಗಳೂ ಸತ್ತುಹೋಗುತ್ತವೆ. ಎರಡು ಕೀಗೂ ಒಂದೇ ಪಿನ್ ಇಡುವುದರಲ್ಲಿ ತಪ್ಪಿಲ್ಲ. ಅಪರೂಪಕ್ಕೆ ಮುಟ್ಟುವ ಜೋಡಿಯ ಪಿನ್ ಮರೆಯುವ ಅಪಾಯವೇ ಹೆಚ್ಚು.

ಎರಡೂ ಕೀ ಸೇರಿಸಿಯಾಯಿತು ಎಂದು ನಿಟ್ಟುಸಿರು ಬಿಡುವ ಮುನ್ನ ಹಿಂಬಾಗಿಲು ನೋಡಿ. ಲಾಗಿನ್ ಪುಟದಲ್ಲಿ 'ಬೇರೆ ವಿಧಾನ ಪ್ರಯತ್ನಿಸಿ' ಎಂಬ ಕೊಂಡಿ ಇರುತ್ತದಲ್ಲ, ಕಳ್ಳ ಮೊದಲು ಒತ್ತುವುದು ಅದನ್ನೇ. ಅಲ್ಲಿ ಎಸ್‌ಎಂಎಸ್ ಒಟಿಪಿ ಇನ್ನೂ ಉಳಿದಿದ್ದರೆ, ಸಿಮ್ ಸ್ವ್ಯಾಪ್ ಮಾಡಿ, ಅಂದರೆ ನಿಮ್ಮ ಹೆಸರಿನಲ್ಲಿ ಬೇರೆ ಸಿಮ್ ಪಡೆದು, ನಂಬರನ್ನು ಕಸಿದುಕೊಂಡವನಿಗೆ ನಿಮ್ಮ ಕೀ ಅಡ್ಡಬರುವುದೇ ಇಲ್ಲ. ಕ್ರಮ ಹೀಗಿರಲಿ: ಮೊದಲು ಎರಡೂ ಕೀ ಸೇರಿಸಿ, ಲಾಗ್ ಔಟ್ ಆಗಿ ಎರಡರಿಂದಲೂ ಒಳಬಂದು ನೋಡಿ, ಬ್ಯಾಕಪ್ ಕೋಡ್ ತೆಗೆದು ಕಾಗದದ ಮೇಲಿಳಿಸಿ, ಕೊನೆಗೆ ಫೋನ್ ನಂಬರನ್ನು ಎರಡನೆಯ ಹಂತದಿಂದ ಕಿತ್ತುಹಾಕಿ. ಗೂಗಲ್ ಒಮ್ಮೆಗೆ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಅವನ್ನು ಫೋಟೊ ತೆಗೆದು ಅದೇ ಖಾತೆಯ ಕ್ಲೌಡ್‌ನಲ್ಲಿ ಇಡುವುದರಿಂದ ಏನೂ ಉಪಯೋಗವಿಲ್ಲ. ನಂಬರ್ ತೆಗೆಯಲು ಬಿಡದ ಸೇವೆಗಳಲ್ಲಿ ಕೀ ಇದ್ದೂ ಅರ್ಧ ಬಲ.

ಕೀಗೆ ಮೀರಿದ್ದೂ ಇದೆ. ಇದು ಕಾಯುವುದು ಲಾಗಿನ್ ಕ್ಷಣವನ್ನು. ಲಾಗಿನ್ ಆದ ಮೇಲೆ ಬ್ರೌಸರ್ ಉಳಿಸಿಕೊಳ್ಳುವ ಸೆಷನ್ ಕುಕಿಯನ್ನು ಕದಿಯುವ ಕುತಂತ್ರಾಂಶ ಕಂಪ್ಯೂಟರಿನಲ್ಲಿದ್ದರೆ, ಕೀ ಜೇಬಿನಲ್ಲಿದ್ದರೂ ಖಾತೆ ಕಳ್ಳನ ಕೈಯಲ್ಲಿ. ಕದ್ದ ಸಾಫ್ಟ್‌ವೇರ್, ಗೊತ್ತಿಲ್ಲದ ಬ್ರೌಸರ್ ಎಕ್ಸ್‌ಟೆನ್ಶನ್ ಹಾಕಿಕೊಳ್ಳುವ ಅಭ್ಯಾಸ ಇರುವವರಿಗೆ ಕೀಗಿಂತ ಮೊದಲು ಆ ಅಭ್ಯಾಸ ಬಿಡುವುದು ಮುಖ್ಯ. ಹಲವು ಕೀಗಳ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಬದಲಿಸಲಾಗದು ಎಂಬುದನ್ನೂ ತಿಳಿದಿರಿ. ಯಾರೂ ಒಳಗೆ ಕೈಯಾಡಿಸದಿರಲಿ ಎಂದು ಹಾಗೆ ಮಾಡಿದ್ದು, ಆದರೆ ದೋಷ ಸಿಕ್ಕರೂ ಸರಿಪಡಿಸಲಾಗುವುದಿಲ್ಲ. 2024ರಲ್ಲಿ ಯೂಕ್‌ಲೀಕ್ ಎಂಬ ದೋಷ ಬಯಲಾಗಿ, 5.7ಕ್ಕಿಂತ ಹಿಂದಿನ ಫರ್ಮ್‌ವೇರ್‌ನ ಯೂಬಿಕೀ 5 ಎಂಬ ಸೆಕ್ಯುರಿಟಿ ಕೀ ಸರಣಿ ಅದರ ವ್ಯಾಪ್ತಿಗೆ ಬಂತು. ಅದನ್ನು ಬಳಸಲು ಕೀ ಕೈಗೆ ಸಿಗಬೇಕು, ಬಿಚ್ಚಬೇಕು, ದುಬಾರಿ ಉಪಕರಣ ಬೇಕು. ಸಾಮಾನ್ಯ ಬಳಕೆದಾರರು ಅದಕ್ಕಾಗಿ ಹಳೆಯ ಕೀ ಎಸೆಯಬೇಕಿಲ್ಲ.

ಕೊಳ್ಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಎಲ್ಲ ಸೌಲಭ್ಯ ತುಂಬಿದ ಒಂದು ದುಬಾರಿ ಕೀಗೆ ಸುರಿಯುವ ದುಡ್ಡಿನಲ್ಲಿ ಫಿಡೋ2 ಮಾತ್ರ ಇರುವ ಎರಡು ಸಾದಾ ಕೀ ತನ್ನಿ. ಓಪನ್‌ಪಿಜಿಪಿ, ಸ್ಮಾರ್ಟ್‌ಕಾರ್ಡ್ ಮುಂತಾದವು ಬೇಕಾದವರಿಗೆ ಅದು ಮೊದಲೇ ಗೊತ್ತಿರುತ್ತದೆ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಒಂದಕ್ಕಾಗಿಯೇ ಆದರೆ ಅದೂ ಬೇಡ, 2020ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.2ರಿಂದ ಸಾದಾ ಫಿಡೋ ಕೀ ಸಾಕು. ಎರಡಕ್ಕೂ ಒಂದೇ ಬಗೆಯ ಮೂತಿ ಇರುವಂತೆ ನೋಡಿಕೊಳ್ಳಿ. ಅಗ್ಗಕ್ಕೆ ಸಿಕ್ಕಿತೆಂದು ಜೋಡಿಗೆ ಯುಎಸ್‌ಬಿ-ಎ ಮಾದರಿ ತಂದಿಟ್ಟರೆ, ಮೊದಲನೆಯದು ಕಳೆದ ದಿನವೇ ಲ್ಯಾಪ್‌ಟಾಪಿಗೆ ಅಡಾಪ್ಟರ್ ಹುಡುಕುತ್ತ ಕೂರಬೇಕಾಗುತ್ತದೆ.