ಕುದುರೆಯ ತಳಿ ನೋಂದಣಿ ಸೇವೆ: ಆರು ಮಳೆಗಾಲ ಬಳಸಿದ ಮೇಲೆ

ಈ ಸೇವೆಗೆ ಐದಕ್ಕೆ ಮೂರೂವರೆ ಅಂಕ. ಕುದುರೆಯ ಗುರುತು ಹಿಡಿಯುವ ಕೆಲಸಕ್ಕೆ ನಾಲ್ಕೂವರೆ ಕೊಡಬಹುದು. ಅದರ ಕ್ಷೇಮ ನೋಡುವ ಕೆಲಸಕ್ಕೆ ಎರಡೂವರೆಗಿಂತ ಹೆಚ್ಚು ಕೊಡಲು ಮನಸ್ಸು ಒಪ್ಪುವುದಿಲ್ಲ. ಕಾರವಾರದಿಂದ ಕುಮಟಾವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲೆ ಶಿರಸಿಯಲ್ಲೂ ಸಾಕಿರುವ ಮಾರ್ವಾಡಿ ಕುದುರೆಗಳಿಗೆ ಈ ಸೇವೆ ಬಳಸಿದ್ದು. ತಳಿ ಪರೀಕ್ಷೆ, ಮೈಕ್ರೋಚಿಪ್, ಡಿಎನ್‌ಎ ಮಾದರಿ, ಪಾಸ್‌ಪೋರ್ಟ್ ಪುಸ್ತಕ, ಜೊತೆಗೆ ಮಾಲೀಕರು ಸಹಿ ಹಾಕಬೇಕಾದ ಕ್ಷೇಮ ನಿಯಮಗಳ ಹಾಳೆ, ಇಷ್ಟೂ ಒಂದೇ ಕಟ್ಟಿನಲ್ಲಿ ಬರುತ್ತವೆ. ಸೇವೆ ಕೊಡುವ ತಳಿ ಸಂಘದ ಹೆಸರು ಇಲ್ಲಿ ಬೇಡ. ಮುಂದೆ ಹೇಳುವ ಕುಂದುಕೊರತೆಗಳು ಒಣನಾಡಿನ ಯಾವ ನೋಂದಣಿಯನ್ನು ಕರಾವಳಿಗೆ ತಂದರೂ ಎದುರಾಗುವಂಥವು.

ಮೊದಲಿಗೆ ಒಂದು ಗೊಂದಲ. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ನೋಂದಾಯಿಸುವುದು ತಳಿಯನ್ನು, ಒಂದೊಂದು ಪ್ರಾಣಿಯನ್ನಲ್ಲ. ಮಾರ್ವಾಡಿ, ಕಾಠಿಯಾವಾಡಿ, ಸ್ಪಿತಿ, ಝನ್ಸ್ಕಾರಿ, ಭೂತಿಯಾ, ಮಣಿಪುರಿ, ಕಚ್ಛಿ-ಸಿಂಧಿ, ಈಚೆಗೆ ಭೀಮಥಡಿ ಇವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಮಲೆನಾಡು ಗಿಡ್ಡ ದನಕ್ಕೂ ಅಲ್ಲಿ ಜಾಗವಿದೆ. ಹಾಗೆಂದು ಕೊಟ್ಟಿಗೆಯ ಗಿಡ್ಡಕ್ಕೆ ಕರ್ನಾಲದಿಂದ ಕಾಗದ ಬರುವುದಿಲ್ಲವಲ್ಲ, ಕುದುರೆಯದೂ ಅದೇ ಲೆಕ್ಕ. ಇಂಥ ಕುದುರೆ, ಇಂಥ ತಾಯಿತಂದೆಗೆ ಹುಟ್ಟಿದ್ದು, ಇಂಥ ಗುರುತಿನದು ಎಂದು ಬರೆದಿಡುವುದು ತಳಿ ಸಂಘದ ಪುಸ್ತಕ. ರೇಸಿನ ಥರೋಬ್ರೆಡ್ ಕುದುರೆಗಳ ಸ್ಟಡ್ ಬುಕ್, ಅಂದರೆ ವಂಶಾವಳಿಯ ಪುಸ್ತಕ, ಪುಣೆಯಲ್ಲಿದೆ, ಅದು ಬೇರೆಯದೇ ವ್ಯವಸ್ಥೆ. ರೇಸ್ ಬಿಟ್ಟ ಕುದುರೆ ಕೊಳ್ಳುವವರು ಆ ಪುಸ್ತಕದ ದಾಖಲೆಯನ್ನೇ ಕೇಳಿ ಪಡೆಯಬೇಕು, ತಳಿ ಸಂಘದ ಹತ್ತಿರ ಹೋಗಿ ಪ್ರಯೋಜನವಿಲ್ಲ.

ಪರೀಕ್ಷೆಯ ದಿನ ನಡೆಯುವ ಕೆಲಸ ಅಚ್ಚುಕಟ್ಟು. ಎತ್ತರವನ್ನು ಹೆಗಲ ದಿಬ್ಬದಿಂದ ಅಳೆಯುತ್ತಾರೆ. ಗಟ್ಟಿ ನೆಲದ ಮೇಲೆ, ಮುಂಗಾಲೆರಡೂ ಸಮ ನಿಂತಿರಬೇಕು. ಮರಳಿನ ಮೇಲೆ ನಿಲ್ಲಿಸಿ ಅಳೆದರೆ ಅರ್ಧ ಇಂಚು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಒಳಕ್ಕೆ ಬಾಗಿ ತುದಿಗೆ ತುದಿ ತಾಗುವ ಕಿವಿ, ಮುಖದ ಬಿಳಿ ಪಟ್ಟಿ, ಕಾಲಿನ ಬಿಳಿ ಎಲ್ಲವನ್ನೂ ರೇಖಾಚಿತ್ರದಲ್ಲಿ ಗುರುತಿಸುತ್ತಾರೆ. ವಯಸ್ಸಿಗೆ ಹಲ್ಲು ನೋಡುತ್ತಾರೆ: ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಒಂದೊಂದು ಜೋಡಿ ಶಾಶ್ವತ ಬಾಚಿಹಲ್ಲು ಹುಟ್ಟಿ, ಐದಕ್ಕೆ ಬಾಯಿ ತುಂಬುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸುಳಿ. ಸುಳಿ ನೋಡಿ ಕುದುರೆ ಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು, ಶುಭ ಅಶುಭದ ಲೆಕ್ಕಕ್ಕೆ. ನೋಂದಣಿಯಲ್ಲಿ ಅದೇ ಸುಳಿ ಬೆರಳಚ್ಚಿನ ಕೆಲಸ ಮಾಡುತ್ತದೆ. ಹಣೆ, ಕತ್ತಿನ ಎರಡೂ ಬದಿ, ಎದೆ, ಪಕ್ಕೆಯ ಸುಳಿಗಳನ್ನು ಕಪ್ಪು ಶಾಯಿಯ ಗುಣಾಕಾರ ಚಿಹ್ನೆಯಿಂದಲೂ ಬಿಳಿ ಗುರುತುಗಳನ್ನು ಕೆಂಪು ಶಾಯಿಯಿಂದಲೂ ತೋರಿಸುವುದು ಪದ್ಧತಿ. ಮೈಯೆಲ್ಲ ಒಂದೇ ಬಣ್ಣದ ಕುದುರೆಗೆ ಇದೊಂದೇ ಕಣ್ಣಿಗೆ ಕಾಣುವ ಗುರುತು. ಒದ್ದೆ ಮೈಯಲ್ಲಿ ಸುಳಿ ತಪ್ಪಿಹೋಗುತ್ತದೆ. ಹಿಂದಿನ ದಿನವೇ ತೊಳೆದು, ಒಣಗಿಸಿ, ಬ್ರಷ್ ಹಾಕಿ ನಿಲ್ಲಿಸಿ.

ಚಿಪ್ ವಿಚಾರದಲ್ಲಿ ಮೋಸ ಹೋಗುವವರು ಹೆಚ್ಚು. ಬೇಕಾದದ್ದು ಐಎಸ್‌ಒ 11784 ಮತ್ತು 11785 ಮಾನದಂಡದ, 134.2 ಕಿಲೋಹರ್ಟ್ಸ್‌ನ, 15 ಅಂಕಿಯ ಚಿಪ್. ಹಳೆಯ 125 ಕಿಲೋಹರ್ಟ್ಸ್ ರೀಡರ್ ಇದನ್ನು ಓದುವುದಿಲ್ಲ. ಚಿಪ್ ಸತ್ತಿದೆ ಎಂದು ಇನ್ನೊಂದು ಹಾಕಿಸಿಬಿಡುತ್ತಾರೆ. ಆಮೇಲೆ ಒಂದೇ ಕುದುರೆಯಲ್ಲಿ ಎರಡು ಸಂಖ್ಯೆ, ಪುಸ್ತಕದಲ್ಲಿ ಒಂದು. ಕತ್ತಿನ ಎಡಬದಿ, ನೆತ್ತಿಗೂ ಹೆಗಲ ದಿಬ್ಬಕ್ಕೂ ನಡುಮಧ್ಯೆ, ಜೂಲಿನ ಬುಡದಿಂದ ಒಂದಿಂಚು ಕೆಳಗೆ, ಗಟ್ಟಿ ಅಸ್ಥಿರಜ್ಜುವಿನೊಳಗೆ ಅದು ಕೂರಬೇಕು. ಮೇಲೆ ಮೇಲೆ ಚುಚ್ಚಿದರೆ ಅಥವಾ ಮಾಂಸಖಂಡದಲ್ಲಿ ಬಿಟ್ಟರೆ ಚಿಪ್ ಜರುಗುತ್ತದೆ. ಪಶುವೈದ್ಯರಿಂದ ಮೂರು ಸಲ ಓದಿಸಿ: ಪೊಟ್ಟಣದಲ್ಲಿರುವಾಗ, ಚುಚ್ಚಿದ ಕೂಡಲೇ, ಒಂದು ತಿಂಗಳ ಮೇಲೆ. ಮೊದಲ ಓದಿಗೂ ಮುಂಚೆ ಕತ್ತಿನ ಎರಡೂ ಬದಿ ರೀಡರ್ ಆಡಿಸಿ ಹಳೆಯ ಚಿಪ್ ಇದೆಯೇ ಎಂದು ನೋಡುವುದನ್ನು ಮರೆಯಬಾರದು. ಆರಿದ್ರಾ, ಪುನರ್ವಸು ಮಳೆಯಲ್ಲಿ ಈ ಕೆಲಸ ಬೇಡ. ಒದ್ದೆ ಚರ್ಮಕ್ಕೆ ಪೊವಿಡೋನ್ ಅಯೋಡಿನ್ ಎಷ್ಟು ಬಳಿದರೂ ಗಾಯ ಕೀವಾಗುವ ಅಪಾಯ ಇದ್ದೇ ಇರುತ್ತದೆ. ದೀಪಾವಳಿ ಕಳೆದ ಮೇಲೆ ಮಾಡಿಸಿ.

ಡಿಎನ್‌ಎ ಮಾದರಿ ಎಂದರೆ ಜೂಲಿನ ಮೂವತ್ತರಷ್ಟು ಕೂದಲು, ಬುಡದ ಗಂಟಿನ ಸಮೇತ ಕಿತ್ತದ್ದು. ಕತ್ತರಿಸಿದ್ದು ಕೆಲಸಕ್ಕೆ ಬಾರದು. ಕರಾವಳಿಯಲ್ಲಿ ಮಾದರಿ ಕೆಡುವುದು ಪ್ಲಾಸ್ಟಿಕ್ ಚೀಲದಿಂದ: ಒಳಗೆ ಬೆವೆತು ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆಗೆ ಹಾಕಿ. ಮರಿಯನ್ನು ತಾಯಿಯ ಮಗ್ಗುಲಲ್ಲಿ ಇರುವಾಗಲೇ, ಅಂದರೆ ಆರು ತಿಂಗಳಿಗೆ ಹಾಲು ಬಿಡಿಸುವ ಮೊದಲೇ ಬರೆಸುವುದು ಒಳ್ಳೆಯದು. ತಾಯಿ ಮರಿ ಬೇರೆಯಾದ ಮೇಲೆ ಬಾಯಿಮಾತಿಗೆ ಬೆಲೆಯಿಲ್ಲ, ಎಲ್ಲವೂ ಡಿಎನ್‌ಎ ಮೇಲೆ ನಿಲ್ಲುತ್ತದೆ.

ಮಾಲೀಕತ್ವ ಬದಲಾವಣೆಯ ಹಾಳೆಯನ್ನು ಬಹಳ ಜನ ಕಳಿಸುವುದೇ ಇಲ್ಲ, ಇದು ಬಳಕೆದಾರರದೇ ತಪ್ಪು. ಸತ್ತ ಕುದುರೆಯ ಪಾಸ್‌ಪೋರ್ಟ್ ಪುಸ್ತಕ ಸಂಘಕ್ಕೆ ಮರಳದಿದ್ದರೆ ಅದು ಅದೇ ಬಣ್ಣದ ಇನ್ನೊಂದು ಕುದುರೆಯ ಪುಸ್ತಕವಾಗುತ್ತದೆ. ಲಸಿಕೆ ಆಗದ ಪ್ರಾಣಿ ಕಾಗದದ ಮೇಲೆ ಲಸಿಕೆ ಆದದ್ದಾಗಿ ಸಂತೆಗೆ ಹೋಗುತ್ತದೆ.

ಇನ್ನು ಕ್ಷೇಮದ ಹಾಳೆ. ಇದರಲ್ಲಿ ಒಳ್ಳೆಯ ಮಾತುಗಳಿವೆ. ಮುಳ್ಳಿನ ಕಡಿವಾಣಕ್ಕೆ ಪೂರ್ಣ ನಿಷೇಧ. ಭಾರ ಎಳೆಯುವ, ಹೊರುವ ಪ್ರಾಣಿಗಳ 1965ರ ಕೇಂದ್ರ ನಿಯಮಗಳಲ್ಲೂ ಅದು ನಿಷಿದ್ಧವೇ. ಎಲುಬು ಬಲಿಯುವ ಮೊದಲು ಸವಾರಿ ಬೇಡ, ಎಳೆ ಹೆಣ್ಣುಕುದುರೆಗೆ ಗರ್ಭ ಬೇಡ. ಮೈಕಟ್ಟಿಗೆ ಒಂದರಿಂದ ಒಂಬತ್ತರ ಅಂಕ, ನಾಲ್ಕಕ್ಕಿಂತ ಕೆಳಗೆ ಇಳಿಯಬಾರದು. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ 20 ಮೀರಬಾರದು. ಕಾರವಾರ, ಮುರ್ಡೇಶ್ವರ ಕಡಲತೀರಗಳಲ್ಲಿ ಪ್ರವಾಸಿಗರನ್ನು ಹೊರುವ ಕುದುರೆಗಳ ಮಟ್ಟಿಗೆ ಈ ಕೊನೆಯ ಸಾಲಿಗೆ ತುಂಬ ಬೆಲೆಯಿದೆ, ಆದರೆ ತೂಕ ಕಂಡುಹಿಡಿಯುವುದು ಹೇಗೆಂದು ಹಾಳೆ ಹೇಳುವುದಿಲ್ಲ. ಹೀಗೆ: ಎದೆಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಹೆಗಲಿನ ಮುಂತುದಿಯಿಂದ ಪೃಷ್ಠದ ಎಲುಬಿನವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ. ಅಳತೆ ಎಲ್ಲವೂ ಸೆಂಟಿಮೀಟರಿನಲ್ಲಿ. ಸುತ್ತಳತೆ 160, ಉದ್ದ 155 ಇದ್ದರೆ ಸುಮಾರು 334 ಕಿಲೋ. ಶೇ 20 ಎಂದರೆ 67 ಕಿಲೋ, ಎಂಟು ಕಿಲೋ ಜೀನು ಕಳೆದರೆ ಸವಾರ 59 ಕಿಲೋ ಮೀರಬಾರದು. ಮೆತ್ತನೆ ಮರಳಿನಲ್ಲಿ ಸ್ನಾಯುರಜ್ಜುಗಳಿಗೆ ಬೀಳುವ ಎಳೆತ ಹೆಚ್ಚು; ಅಲೆ ಬಡಿದು ಗಟ್ಟಿಯಾದ ಒದ್ದೆ ಮರಳಿನ ಮೇಲೆಯೇ ನಡೆಸಬೇಕು.

ಹಾಳೆ ಸೋಲುವುದು ಮಳೆಯಲ್ಲಿ. ಮಾರ್ವಾಡ ಒಣನಾಡು, ಅಲ್ಲಿನ ಗೊರಸು ಗಟ್ಟಿ, ಅಲ್ಲಿನ ಗಾಳಿ ಒಣ. ಪರೀಕ್ಷಕರು ಇಲ್ಲಿಗೆ ಬರುವುದೂ ಡಿಸೆಂಬರ್, ಜನವರಿಯಲ್ಲಿ, ಎಲ್ಲ ಕುದುರೆಗಳೂ ಚೆನ್ನಾಗಿ ಕಾಣುವ ಕಾಲದಲ್ಲಿ. ಜುಲೈನಲ್ಲಿ ಬಂದು ಗೊರಸು ಎತ್ತಿ ನೋಡಬೇಕು. ಗೊರಸಿನಡಿಯ ಮೂರು ಮೂಲೆಯ ಮೆತ್ತನೆ ಭಾಗ, ಫ್ರಾಗ್, ಅದರ ಸಂದಿನಲ್ಲಿ ಕಪ್ಪು ಗಸಿ, ಕೊಳೆತ ವಾಸನೆ. ಇದೇ ಥ್ರಷ್. ಗಾಳಿಯಿಲ್ಲದ ಕೆಸರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ದಿನಕ್ಕೆರಡು ಸಲ ಗೊರಸು ಕೆದಕಿ ತೆಗೆದು, ಸತ್ತ ಭಾಗವನ್ನು ಲಾಳ ಕಟ್ಟುವವರಿಂದ ಕೊರೆಸಿ, ಅಯೋಡಿನ್ ಹಚ್ಚಿ. ಆದರೂ ದಿನದಲ್ಲಿ ಕೆಲವು ತಾಸು ಒಣನೆಲದ ಮೇಲೆ ನಿಲ್ಲಿಸದಿದ್ದರೆ ಯಾವ ಔಷಧಿಯೂ ನಾಟುವುದಿಲ್ಲ. ಲಾಯದ ನೆಲ ಅಂಗಳಕ್ಕಿಂತ ಒಂದಡಿ ಎತ್ತರವಿರಲಿ, ಗಂಜಲ ಹರಿಯುವ ಇಳಿಜಾರಿರಲಿ. ಶಿರಸಿ ಕಡೆ ದನದ ಕೊಟ್ಟಿಗೆಗೆ ಹಾಕುವ ತರಗೆಲೆ ಕುದುರೆಗೆ ಒಣಗಿದ್ದರೆ ಮಾತ್ರ ಸರಿ. ಬೂಷ್ಟಿನ ಧೂಳು ಅದರ ಶ್ವಾಸಕೋಶಕ್ಕೆ ಆಗಿಬರುವುದಿಲ್ಲ. ಬೆನ್ನ ಮೇಲೆ ಕೂದಲು ಕುಂಚದಂತೆ ಕಚ್ಚಿಕೊಂಡು ಹಕ್ಕಳೆಯಾಗುವ ಚರ್ಮರೋಗವೂ ಈ ಕಾಲದ್ದೇ. ಏಪ್ರಿಲ್, ಮೇ ತಿಂಗಳಲ್ಲಿ ಇನ್ನೊಂದು ತೊಂದರೆ: ಕೆಲವು ಕುದುರೆಗಳು ಕರಾವಳಿಯ ಸೆಕೆಗೆ ಬೆವರುವುದನ್ನೇ ನಿಲ್ಲಿಸುತ್ತವೆ. ಚರ್ಮ ಒಣ, ಉಸಿರು ಮಾತ್ರ ತಿದಿಯಂತೆ. ಕೂಡಲೇ ನೆರಳಿಗೆ ತಂದು ತಣ್ಣೀರು ಸುರಿದು ವೈದ್ಯರನ್ನು ಕರೆಯಬೇಕು. ಕ್ಷೇಮದ ಹಾಳೆಯಲ್ಲಿ ಇದಕ್ಕೊಂದು ಸಾಲೂ ಇಲ್ಲ.

ಮೇವಿನ ಭಾಗವೂ ಹಾಗೆಯೇ, "ಸಮತೋಲಿತ ಆಹಾರ" ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಇಲ್ಲಿ ಸುಲಭಕ್ಕೆ ಸಿಗುವುದು ಅಕ್ಕಿ ತೌಡು, ಭತ್ತದ ಹುಲ್ಲು, ನೇಪಿಯರ್ ಎಂಬ ಮೇವಿನ ಹುಲ್ಲು. ತೌಡಿನಲ್ಲಿ ರಂಜಕ ಶೇ 1.5ರಷ್ಟು, ಸುಣ್ಣದಂಶ ಶೇ 0.1ರಷ್ಟು ಮಾತ್ರ. ನೇಪಿಯರ್‌ನ ಆಕ್ಸಲೇಟ್ ಎಂಬ ಅಂಶವು ಇದ್ದ ಸುಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಿಂಗಳುಗಟ್ಟಲೆ ಇದೇ ತಿಂದರೆ ದೇಹ ಎಲುಬಿನಿಂದ ಸುಣ್ಣ ಕೀಳುತ್ತದೆ: ದವಡೆ ಊದಿ ಮುಖ ದಪ್ಪವಾಗುತ್ತದೆ, ಕಾರಣ ತಿಳಿಯದ ಕುಂಟು ಶುರುವಾಗುತ್ತದೆ. ಒಂದು ಕಿಲೋ ತೌಡಿಗೆ ಸುಮಾರು 60 ಗ್ರಾಂ ಪಶು ಆಹಾರ ದರ್ಜೆಯ ಸುಣ್ಣದಕಲ್ಲಿನ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಬೆರೆಸಿದರೆ ತೌಡಿನ ಮಟ್ಟಿಗೆ ಲೆಕ್ಕ ಸರಿಹೋಗುತ್ತದೆ. ಎಲೆಗೆ ಹಚ್ಚುವ ಸುಣ್ಣ ಬೇಡವೇ ಬೇಡ. ಅಘನಾಶಿನಿಯ ಚಿಪ್ಪನ್ನು ಸುಟ್ಟು ನೀರು ಹಾಕಿ ಅರಳಿಸಿದ್ದು ಬಾಯಿ, ಅನ್ನನಾಳ ಸುಡುತ್ತದೆ. ಸುಡದೆ ನುಣ್ಣಗೆ ಬೀಸಿದ ಚಿಪ್ಪು ಬೇರೆ, ಅದು ಕಾರ್ಬೊನೇಟೇ. ತೀರದಲ್ಲಿ ಕಟ್ಟುವವರು ಮೇವನ್ನು ಮರಳಿನ ಮೇಲೆ ಎಸೆಯದೆ ಬುಟ್ಟಿಯಲ್ಲಿ ಕೊಡಬೇಕು. ಐದಾರು ಲದ್ದಿ ಉಂಡೆಗಳನ್ನು ನೀರಿನ ಬಾಟಲಿಯಲ್ಲಿ ಕದಡಿಟ್ಟರೆ ಹೊಟ್ಟೆಗೆ ಮರಳು ಹೋಗುತ್ತಿದೆಯೇ ಎಂಬುದು ತಳದಲ್ಲಿ ಕಾಣುತ್ತದೆ.

ಸಾಗಣೆಗೆ ಈ ಪಾಸ್‌ಪೋರ್ಟ್ ಪುಸ್ತಕ ನಿಜಕ್ಕೂ ಉಪಕಾರಿ. ದೇವಿಮನೆ ಅಥವಾ ಅರಬೈಲ್ ಘಟ್ಟ ಇಳಿಸುವ ಮುಂಚೆ ಚಿಪ್ ಓದಿ, ಪುಸ್ತಕಕ್ಕೆ ತಾಳೆ ನೋಡಿ, ಆರೋಗ್ಯ ಪ್ರಮಾಣಪತ್ರದಲ್ಲಿ ಅದೇ 15 ಅಂಕಿ ಬರೆಸಿ. ಗ್ಲಾಂಡರ್ಸ್ ಪರೀಕ್ಷೆಯ ವರದಿಗೂ ಅದೇ ಸಂಖ್ಯೆ ಬೇಕು. ಅದು ಮನುಷ್ಯರಿಗೂ ಹರಡುವ ರೋಗ, ರಕ್ತದ ಪರೀಕ್ಷೆಯಲ್ಲಿ ಖಚಿತವಾದರೆ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ಯಾರ ರಕ್ತ ಎಂಬ ಅನುಮಾನಕ್ಕೆ ಅಲ್ಲಿ ಎಡೆಯೇ ಇರಬಾರದು. 1978ರ ಪ್ರಾಣಿ ಸಾಗಣೆ ನಿಯಮದ ಪ್ರಕಾರ ಲಾರಿಯಲ್ಲಿ ನಾಲ್ಕರಿಂದ ಆರು ಕುದುರೆಗಿಂತ ಹೆಚ್ಚು ಕೂಡದು, ಗಂಟೆಗೆ 35 ಕಿಲೋಮೀಟರ್ ವೇಗ ಮೀರಬಾರದು, ಪ್ರಾಣಿಗಳ ನಡುವೆ ಕನಿಷ್ಠ 8 ಸೆಂಟಿಮೀಟರ್ ದಪ್ಪದ ಬಿದಿರು ಕಟ್ಟಬೇಕು, ಎದುರು ವಾಹನಗಳಿಗೆ ಬೆದರದಂತೆ ತಲೆ ಎಡಕ್ಕಿರಬೇಕು. ನೆಲಕ್ಕೆ ಜಾರದ ಹಾಸು ಬೇಕೇ ಬೇಕು. ಘಟ್ಟದ ತಿರುವಿನಲ್ಲಿ ಕಾಲು ಜಾರಿ ಬಿದ್ದ ಕುದುರೆ ಲಾರಿಯೊಳಗೆ ಏಳಲಾರದು.

ಸಂಘ ಮನಸ್ಸು ಮಾಡಿದರೆ ಎಷ್ಟು ಮಾಡಬಹುದು ಎಂಬುದಕ್ಕೆ ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯ ಸಂಘ ಉದಾಹರಣೆ. ಎಚ್‌ವೈಪಿಪಿ ಎಂಬ ಸ್ನಾಯುರೋಗದ ವಂಶವಾಹಿಯನ್ನು ತಾಯಿತಂದೆ ಇಬ್ಬರಿಂದಲೂ ಪಡೆದ ಮರಿಗಳನ್ನು, 2007ರಿಂದ ಹುಟ್ಟಿದವುಗಳ ಮಟ್ಟಿಗೆ, ಅದು ನೋಂದಾಯಿಸುವುದೇ ಇಲ್ಲ. ಆ ಮರಿಗೆ ಕಾಗದವಿಲ್ಲ ಎಂದಾದ ಮೇಲೆ ಅಂಥ ಜೋಡಿ ಕೂಡಿಸುವುದು ತಳಿಗಾರರಿಗೆ ಲಾಭವಲ್ಲ. ನಮ್ಮ ಸಂಘದ ಕೈಯಲ್ಲೂ ಇದೇ ಕೀಲಿ ಇದೆ. ಜುಲೈ ತಿಂಗಳಲ್ಲಿ ತೆಗೆದ ನಾಲ್ಕು ಗೊರಸಿನ ಅಡಿಯ ಚಿತ್ರ, ಎರಡೂ ಪಕ್ಕದ ಮೈಚಿತ್ರ, ಪಕ್ಕದಲ್ಲಿ ಚಿಪ್ ಸಂಖ್ಯೆ ಕಾಣುವ ರೀಡರ್, ಇಷ್ಟು ಬಾರದೆ ವಾರ್ಷಿಕ ನವೀಕರಣ ಇಲ್ಲ ಎಂದು ಒಂದು ಸಾಲು ಸೇರಿಸಿದರೆ ಸಾಕು. ಈ ಬೇಡಿಕೆಯನ್ನು ಬರೆದು ಕಳಿಸಿದ್ದಾಗಿದೆ. ಅವರು ಒಪ್ಪಿದ ದಿನ ಮೇಲಿನ ಎರಡೂವರೆಯನ್ನು ನಾಲ್ಕು ಎಂದು ತಿದ್ದುತ್ತೇವೆ.